ಜೀಪಿನ ಮೇಲೆ ಕೈ ಇಡುವುದು

ಕಾರು ಕೌತಾಳಂ ದಾಟಿ ಆದೋನಿ ರೋಡಿಗೆ ಬಿದ್ದಾಗಿನಿಂದ ಯರ್ರೆಪ್ಪನಿಗೆ ತನ್ನ ಬಲಗೈ ಎಲ್ಲಿಡಬೇಕು ಅನ್ನೋದೇ ತಿಳಿಯದಾಗಿತ್ತು. ತೊಡೆಯ ಮೇಲಿಟ್ಟರೆ ಬೇರೆ ಯಾರದೋ ಕೈ ತಂದು ಇಟ್ಟಂಗೆ ಅನ್ನಿಸುತ್ತಿತ್ತು. ಟವಲ್ಲಿನೊಳಗೆ ಸುತ್ತಿಕೊಂಡರೆ ಏನೋ ಕದ್ದುಕೊಂಡು ಹೊಂಟಂಗೆ. ಪಕ್ಕದಲ್ಲಿ ಶಿವಕೃಷ್ಣ ಕಾರು ಹೊಡೆಯುತ್ತಿದ್ದ. ತೀರಿಹೋದ ಮಗ ಸುಂಕೇಶನ ಜೊತೆಗಾರ ಅವನು. ಇಬ್ಬರೂ ಒಂದೇ ಕಡೆ ಕೆಲಸಕ್ಕಿದ್ದವರು, ಗುಡ್ಡದ ಮೇಲಿನ ಕರೆಂಟು ತೆಗೆಯೋ ಗಾಳಿ ಫ್ಯಾನುಗಳನ್ನು ಹತ್ತಿ ರಿಪೇರಿ ಮಾಡೋ ಕೆಲಸ. ಮನೆಯಲ್ಲಿ ಯಾರನ್ನೂ ಕೇಳದೆ ಕೊಡಕ್ಕೆ ಚಂಬು ಅದ್ದಿ ನೀರು ಕುಡಿಯುತ್ತಿದ್ದ ಹುಡುಗ, ನಿನ್ನೆ ಸಾಯಂಕಾಲ ಬಂದವನು ಹೊಸ್ತಿಲ ಆಚೆಗೇ ನಿಂತ. ಚಪ್ಪಲಿ ಬಿಟ್ಟು ನಿಂತ. "ಮಾವಾ, ಹಳೇದೊಂದು ಫೋರ್‌ವೀಲ್ ಜೀಪು ತಗೋಬೇಕಂತ ಮಾಡೀನಿ. ಅದನ್ನ ಬಿಚ್ಚಿ, ಗುಡ್ಡ ಹತ್ತೋ ಹಂಗ ಕಟ್ಟಬೇಕು. ಎರಡು ಕಡೆ ಹೇಳಿಟ್ಟೀನಿ. ನೀವು ಬಂದು ಆರಿಸಿಕೊಡಬೇಕು" ಅಂದ. ಒಳಗೆ ಸೊಸೆ ಶಿರೀಷಾ ಭಾಂಡೆ ತಿಕ್ಕುತ್ತಿದ್ದ ಸಪ್ಪಳ ಅಲ್ಲಿಗೇ ನಿಂತಿತು. ಹೆಂಡತಿ ಉಚ್ಚಮ್ಮ ಜೋಳ ಹಸನು ಮಾಡುತ್ತಿದ್ದ ಮೊರವನ್ನು ತೊಡೆಯಿಂದ ಕೆಳಗಿಳಿಸಿದಳು. ಯಾರೂ ಏನೂ ಅನ್ನಲಿಲ್ಲ. ಆ ಏನೂ ಅನ್ನದಿರೋದರಲ್ಲೇ ಯರ್ರೆಪ್ಪನಿಗೆ ಎಲ್ಲಾ ತಿಳಿಯಿತು. ತನಗಿಂತ ಮೊದಲೇ ಮನೆಯ ಹೆಂಗಸರಿಬ್ಬರಿಗೂ ತಿಳಿದಿತ್ತು ಅನ್ನೋದು ಕೂಡ. "ನಾಳೆ ಬಾ" ಅಂದುಬಿಟ್ಟಿದ್ದ. ಯಾಕೆ ಹಾಗಂದೆ ಅಂತ ಈಗ ಕಾರಿನಲ್ಲಿ ಕೂತು ಕೈ ನೋಡಿಕೊಳ್ಳುತ್ತಿದ್ದ.

ಅವರ ಮಂದಿಯಲ್ಲಿ ಗಂಡ ಸತ್ತವಳನ್ನು ಉಡಿಕಿ ಮಾಡಿಕೊಂಡು ಹೋಗೋದು ಹಿಂದಿನಿಂದಲೂ ನಡೆದು ಬಂದದ್ದೇ. ಎರಡನೇ ಮದುವೆ, ವಾಲಗ ಇಲ್ಲ, ಹಂದರ ಇಲ್ಲ, ಒಂದು ಸೀರೆ ಉಡಿಸಿ ಕರೆದುಕೊಂಡು ಹೋಗೋದು. ಆದರೆ ಬಾಯಿಬಿಟ್ಟು ಕೇಳೋ ಹಂಗಿಲ್ಲ. ಕೇಳೋನು ಸತ್ತವನ ಮನೆಯ ಹಿರಿಯನ ಹತ್ತಿರ ಬಂದು, ಒಂದು ಎತ್ತು ತಗೋಬೇಕು, ಸಂತೆಗೆ ಬಂದು ಆರಿಸಿಕೊಡ್ರಿ ಅನ್ನಬೇಕು. ಹಿರಿಯ ಹೋಗಿ ಯಾವುದಾದರೂ ಎತ್ತಿನ ಬೆನ್ನ ಮೇಲೆ ಕೈ ಇಟ್ಟನೋ, ಸೊಸೆಯನ್ನು ಕೊಟ್ಟಂಗೆ. ಯಾವುದೂ ಸರಿಬರಲಿಲ್ಲ ಅಂತ ಟವಲ್ಲು ಝಾಡಿಸಿಕೊಂಡು ಬಂದನೋ, ಇಲ್ಲ ಅಂದಂಗೆ. ಯಾರ ಮರ್ಯಾದೆಯೂ ಹೋಗೋದಿಲ್ಲ, ತಪ್ಪೆಲ್ಲಾ ಎತ್ತಿನ ಮೇಲೆ ಹೋಗುತ್ತದೆ. ಇನ್ನೊಂದು ಮಾತೂ ಇತ್ತು: ಹಿರಿಯ ಇಟ್ಟ ಕೈಯನ್ನು ಕೇಳಿದವನು ಬೇಡ ಅನ್ನೋ ಹಂಗಿಲ್ಲ. ಕುಂಟು ಎತ್ತಾದರೂ ಹಗ್ಗ ಹಿಡಿದು ನಡೆಯಬೇಕು. ಯರ್ರೆಪ್ಪನ ಅಪ್ಪ ಹಾಗೆ ಪತ್ತಿಕೊಂಡದ ಸಂತೆಗೆ ಹೋಗಿದ್ದ. ಚಿಗಪ್ಪ ಸತ್ತ ಮೇಲೆ ಚಿಗವ್ವ ಹುಸೇನಮ್ಮನನ್ನು ಕೇಳಿ ಮದ್ದಿಕೇರದ ಕಡೆಯವನೊಬ್ಬ ಬಂದಿದ್ದ. ಅಪ್ಪ ಸಂತೆಯೆಲ್ಲಾ ತಿರುಗಿ, ಎತ್ತುಗಳ ಹಲ್ಲು ನೋಡಿ, ಗೊರಸು ನೋಡಿ, ಹೊತ್ತು ಇಳಿಯೋವಾಗ ಟವಲ್ಲು ಝಾಡಿಸಿಕೊಂಡು ಬಂದ. ಹುಸೇನಮ್ಮ ಆಮೇಲೆ ಅದೇ ಮನೆಯಲ್ಲಿ ತಲೆ ಬೆಳ್ಳಗಾಗೋ ತನಕ ರೊಟ್ಟಿ ಬಡಿದಳು. ಯಾರಿಗೂ ಒಂದು ಮಾತು ಅನ್ನಲಿಲ್ಲ. ಮನೆಗೆ ಹೊಸ ಎತ್ತು ಬಂದಾಗ ಓಣಿ ಹೆಂಗಸರೆಲ್ಲಾ ಆರತಿ ಹಿಡಿದು ಬಂದರೂ ಆಕೆ ಮಾತ್ರ ಹೊರಗೆ ಬರುತ್ತಿರಲಿಲ್ಲ, ಅಷ್ಟೇ. ಈಗ ಎತ್ತುಗಳೂ ಹೋದವು, ಮನೆಗೊಂದು ಟ್ರಾಕ್ಟರ್ ಬಂತು, ಆ ಪದ್ಧತಿಯೂ ಅವುಗಳ ಹಿಂದೆ ಹೋಯಿತು ಅಂತ ಯರ್ರೆಪ್ಪ ತಿಳಿದಿದ್ದ. ಈ ಹುಡುಗ ಅದನ್ನು ಯಾವ ಮುದುಕಿಯ ಬಾಯಿಂದ ಕೇಳಿಕೊಂಡಿದ್ದನೋ, ಜೀಪಿಗೆ ಹಚ್ಚಿಕೊಂಡು ಬಂದು ಹೊಸ್ತಿಲ ಆಚೆ ನಿಂತಿದ್ದ.

"ಏಸಿ ಜಾಸ್ತಿ ಆತೇನು ಮಾವಾ?" ಅಂದ ಶಿವಕೃಷ್ಣ.

"ಇರಲಿ."

"ಆದೋನಿದು ಮಧ್ಯಾಹ್ನ ನೋಡೋಣ. ಮೊದಲ ಪತ್ತಿಕೊಂಡದ ಕಡೆ ಹೋಗೋಣ. ಅಲ್ಲಿ ಬಜಾರಪ್ಪ ಅಂತ ಕುರಿಯವರು, ಹೊತ್ತೇರಿದ್ರ ಕುರಿ ಹಿಂದ ಹೋಗಿಬಿಡ್ತಾರ."

"ಜೀಪು ತಗೊಂಡು ಏನ್ ಮಾಡ್ತಿ?"

"ಭಾನುವಾರ ಬಳ್ಳಾರಿ ಹುಡುಗರು ಬರ್ತಾರ ಮಾವಾ. ಒಬ್ಬರಿಗೊಬ್ಬರು ಹಗ್ಗ ಕಟ್ಟಿ ಎಳೀತಾ ಗುಡ್ಡ ಹತ್ತೋದು, ಹಳ್ಳ ಇಳಿಯೋದು. ಆಫ್‌ರೋಡ್ ಅಂತಾರ."

"ರೋಡ್ ಹಾಕ್ಯಾರಲ್ಲೋ ಈಗ?"

"ರೋಡ್ ಬಿಟ್ಟು ಹೋಗೋದ ಅದು."

"ಮೂವತ್ತು ವರ್ಷ ರೋಡ್ ಬಿಟ್ಟ ಹೊಡೆದೀನಿ ನಾನು. ಆಗ ಅದಕ್ಕ ಹೆಸರಿದ್ದಿಲ್ಲಪ್ಪ. ಹಣೆಬರಹ ಅಂತಿದ್ವಿ."

ಶಿವಕೃಷ್ಣ ನಕ್ಕ. ಯರ್ರೆಪ್ಪ ತಟ್ಟನೆ ಕಿಟಕಿಯ ಕಡೆ ತಿರುಗಿದ. ಮೊದಲು ಮೂಗಿನಲ್ಲಿ ಒಂದು ಸದ್ದು, ಆಮೇಲೆ ಬಾಯಿ ತೆರೆಯೋದು. ಸುಂಕೇಶನ ನಗು. ಬಾಳ ದಿನ ಜೊತೆಗಿದ್ದವರ ನಗು ಒಂದೇ ಆಗಿಬಿಡುತ್ತದೆ. ಯಾರದನ್ನು ಯಾರು ಕಲಿತರೋ, ಈಗ ಉಳಿದಿರೋದು ಇವನ ಹತ್ತಿರ. ಹೊರಗೆ ಹತ್ತಿ ಬಿಡಿಸಿದ ಹೊಲಗಳಲ್ಲಿ ಕಟ್ಟಿಗೆ ಒಣಗಿ ನಿಂತಿತ್ತು. ಇದೇ ಕರಿಮಣ್ಣಿನಲ್ಲಿ ಮಳೆ ಬಿದ್ದ ದಿನ ಬಸ್ಸು ಬರುತ್ತಿರಲಿಲ್ಲ, ಹತ್ತಿ ಸಾಹುಕಾರನ ಜೀಪು ಒಂದೇ ಹೋಗುತ್ತಿದ್ದದ್ದು, ಅದನ್ನು ಯರ್ರೆಪ್ಪ ಒಬ್ಬನೇ ಹೊಡೆಯುತ್ತಿದ್ದದ್ದು. ಬಸುರಿಯರನ್ನು, ಹಾವು ಕಡಿದವರನ್ನು, ಒಮ್ಮೆ ಮದುಮಗನನ್ನು, ಮಂಡಿಯುದ್ದ ಕೆಸರಿನಲ್ಲಿ ಆದೋನಿಗೆ ಮುಟ್ಟಿಸಿದ್ದ. ಸುಂಕೇಶ ಫೋನಿನಲ್ಲಿ ಜೀಪಿನ ಚಿತ್ರ ತೋರಿಸಿ, ಅಪ್ಪಾ, ನಾನೂ ಶಿವನೂ ಕೂಡಿ ಇಂಥಾದ್ದೊಂದು ಕಟ್ಟತೀವಿ, ಹಳೇದು ನೀ ಆರಿಸಿಕೊಡಬೇಕು ನೋಡು, ಅಂದಾಗ, ನೆಟ್ಟಗಿರೋ ದಾರಿ ಬಿಟ್ಟು ಕಲ್ಲು ಹತ್ತತೀನಿ ಅಂತೀಯಲ್ಲೋ ಹುಚ್ಚಪ್ಪ, ನಿನ್ನ ಹೆಂಡತಿ ಕಿವ್ಯಾಗೊಂದು ಬಂಗಾರದ ಹೂವಿಲ್ಲ, ಅಂತ ಬೈದಿದ್ದ. ಶಿರೀಷಾ ಒಳಗಿಂದ, ನನಗ ಹೂವು ಬ್ಯಾಡ ಮಾವಾ, ಜೀಪೇ ಇರಲಿ, ನಾನೂ ಕೂಡ್ತೀನಿ, ಅಂದಿದ್ದಳು. ಅದಾಗಿ ಬಾಳ ದಿನ ಆಗಲಿಲ್ಲ. ಸುಂಕೇಶ ಒಂದು ದಿನ ಜಳಕ ಮಾಡಿ ಬಂದು, ಒಣ ಟವಲ್ಲು ಹೆಗಲ ಮೇಲೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತವನು ಹಾಗೆಯೇ ಗೋಡೆಗೆ ಒರಗಿದ. ಎದೆ ನಿಂತೈತಿ ಅಂದರು ಡಾಕ್ಟರು. ಕುಡಿಯುತ್ತಿರಲಿಲ್ಲ, ಸೇದುತ್ತಿರಲಿಲ್ಲ. ಯಾರ ಮೇಲಾದರೂ ಹಾಕೋಣ ಅಂದರೆ ಯಾರೂ ಸಿಗಲಿಲ್ಲ. ಆ ದಿನ ಶಿವಕೃಷ್ಣ ಅನಂತಪುರದಲ್ಲಿ ಫ್ಯಾನಿನ ಮೇಲಿದ್ದ, ಇಳಿದು ಬರೋದು ತಡ ಆಯಿತು. ಯರ್ರೆಪ್ಪ ಬಹಳ ದಿನ ಆ ತಡವನ್ನೇ ಹಿಡಿದುಕೊಂಡು ನೋಡಿದ, ಅದೂ ಕೈಯಲ್ಲಿ ನಿಲ್ಲಲಿಲ್ಲ.

ಮುಂಜಾನೆ ಹೊರಡೋವಾಗ ಉಚ್ಚಮ್ಮ ಒಗೆದ ಧೋತರ ಕೊಟ್ಟು, "ಆಕಿ ಇಪ್ಪತ್ತಾರು ವರ್ಷದಾಕಿ" ಅಂದಳು. ಅಷ್ಟೇ ಅಂದಳು. ತನಗೂ ಗೊತ್ತಿತ್ತು. ಹಿರೇ ಮಗಳು ಈಶ್ವರಿ ಅದೇ ಓಣಿಯಲ್ಲೇ ಇದ್ದಳು, ದಿನಾ ಅವಳ ಮಕ್ಕಳು ಮನೆ ತುಂಬಾ; ಸೊಸೆಯನ್ನು ಕಳಿಸಿದರೆ ಒಂಟಿಯಾಗುತ್ತೀನಿ ಅನ್ನೋ ಹೆದರಿಕೆ ಅಲ್ಲ ಅದು. ಶಿರೀಷಾ ದಿನಾ ಬಸ್ಸು ಹತ್ತಿ ಆದೋನಿಯ ಸೀರೆ ಅಂಗಡಿಗೆ ಹೋಗುತ್ತಿದ್ದಳು, ದಿನವಿಡೀ ಬೇರೆಯವರ ಮದುವೆಗೆ ಸೀರೆ ಬಿಚ್ಚಿ ಮಡಚಿ ಬರುತ್ತಿದ್ದಳು. ಬಂದು ಬುತ್ತಿ ಡಬ್ಬಿ ತೊಳೆದು ಕವುಚಿ ಹಾಕುತ್ತಿದ್ದಳು. ಆ ಡಬ್ಬಿ ಸುಂಕೇಶನದು. ಆಕೆ ಇರೋ ತನಕ ಸುಂಕೇಶ ಮನೆಯಲ್ಲಿ ಒಬ್ಬಳ ಗಂಡ. ಸೊಸಿ ಅಂತ ಕರೆದಾಗೊಮ್ಮೆ ಅವನೂ ಒಂದು ಕಡೆ ಇದ್ದಂಗೆ. ಆಕೆ ಹೋದಳೋ, ಅವನು ಬರೀ ಗೋಡೆ ಮೇಲಿನ ಫೋಟೋ. ಇದನ್ನು ಉಚ್ಚಮ್ಮನಿಗೆ ಹೇಳೋದು ಹೇಗೆ? ಹೇಳಿದರೆ, ಸತ್ತವನನ್ನ ಕಟ್ಟಿ ಇಡಾಕ ಜೀವ ಇದ್ದಾಕಿನ ಗೂಟ ಮಾಡ್ತೀರೇನು ಅಂತಾಳೆ. ಸರಿಯಾಗೇ ಅಂತಾಳೆ.

ಬಜಾರಪ್ಪನ ದೊಡ್ಡಿ ಪತ್ತಿಕೊಂಡಕ್ಕೆ ಇನ್ನೂ ಈಚೆಗೇ, ಹಳ್ಳದ ದಂಡೆಗಿತ್ತು. ಜಾಲಿ ನೆರಳಿಗೆ ಜೀಪು. ಬಣ್ಣ ಯಾವುದಿತ್ತು ಅಂತ ಹೇಳೋ ಹಂಗಿರಲಿಲ್ಲ. ಮೇಲಿನ ತಾಡಪತ್ರಿ ಹರಿದಿತ್ತು, ಹಿಂದಿನ ಸೀಟು ಕಿತ್ತು ಹುಲ್ಲು ಹಾಸಿದ್ದರು, ಹುಲ್ಲಿನ ಮೇಲೆ ಒಂದು ಕುರಿ ಮಲಗಿ ಇವರನ್ನೇ ನೋಡುತ್ತಿತ್ತು.

"ಮೂರು ಕುರಿ ಅದರಾಗ ಮರಿ ಹಾಕ್ಯಾವ ನೋಡ್ರಿ" ಅಂದ ಬಜಾರಪ್ಪ, ಕಂಬಳಿ ಕೊಡವುತ್ತಾ. "ಎಂಜಿನ್ ಒಂದ ಇನ್ನಾ ಮರಿ ಹಾಕಿಲ್ಲ. ಹಾಕಿದ್ರ ಮಾರ್ತಿದ್ದಿಲ್ಲ."

"ಫೋರ್‌ವೀಲ್ ಬೀಳ್ತೈತೇನಣ್ಣ?" ಅಂತ ಶಿವಕೃಷ್ಣ ಕೇಳಿದ.

"ಯಾರಿಗ್ಗೊತ್ತು. ಕುರಿಗಿ ಯಾಕಪ್ಪಾ ಫೋರ್‌ವೀಲು, ಅದಕ್ಕ ಹುಟ್ಟಿದಾಗಿಂದ ನಾಕ ಕಾಲು."

ಯರ್ರೆಪ್ಪ ಟವಲ್ಲು ಹಾಸಿ ಕೆಳಗೆ ಮಲಗಿದ. ಒಂದು ಕಲ್ಲು ತಗೊಂಡು, ಗಾಡಿಯ ಬೆನ್ನೆಲುಬಿನಂಥ ಚಾಸಿಯನ್ನು ಆ ತುದಿಯಿಂದ ಈ ತುದಿಗೆ ಬಡಿಯುತ್ತಾ ಬಂದ. ಎಲ್ಲಾ ಕಡೆ ಒಂದೇ ಸದ್ದು, ಗುಡಿಯ ಗಂಟೆ ದೂರದಲ್ಲಿ ಹೊಡೆದಂಗೆ. ಎಲ್ಲೂ ಬೆಸುಗೆ ಇಲ್ಲ, ಎಲ್ಲೂ ತುಕ್ಕು ಒಳಗೆ ಹೋಗಿರಲಿಲ್ಲ. ಮುಂದಿನ ಸ್ಪ್ರಿಂಗ್ ಪಟ್ಟಿಗಳು ಬಾಗದೆ ಕೂತಿದ್ದವು. ಎದ್ದು ಸೀಟಿನಲ್ಲಿ ಕೂತು ಶುರು ಮಾಡಿದ. ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು. ಫೋರ್‌ವೀಲಿನ ಸಣ್ಣ ಗೇರ್ ರಾಡು ಬಿಗಿದುಕೊಂಡಿತ್ತು, ಬಾಳ ವರ್ಷ ಯಾರೂ ಮುಟ್ಟಿರಲಿಲ್ಲ. ಅಂಗೈ ಅದರ ಮೇಲಿಟ್ಟು, ಹಿಂದೆ ಮುಂದೆ ಒಂದೊಂದು ಗೇಣು ಗಾಡಿ ಸರಿಸುತ್ತಾ, ಮಗುವನ್ನು ಎಬ್ಬಿಸಿದಂಗೆ ಮೆಲ್ಲಗೆ ಒತ್ತಿದ. ಕಟಕ್ ಅಂತ ಬಿತ್ತು. ಮುಂದಿನ ಗಾಲಿಗಳು ಮಣ್ಣು ಕಚ್ಚಿ ಎಳೆದವು. ಆ ಎಳೆತ ಹೊಟ್ಟೆಯೊಳಗೆ ಗೊತ್ತಾಯಿತು ಯರ್ರೆಪ್ಪನಿಗೆ. ಎಷ್ಟೋ ದಿನಕ್ಕೆ ಮೈಯಲ್ಲಿ ಒಂದು ಸುಖ ಎದ್ದಿತು, ಎದ್ದ ಕೂಡಲೇ ನಾಚಿಕೆ. ಇಳಿದು ಬಾನೆಟ್ಟಿನ ಮುಂದೆ ನಿಂತ. ಇದೇ ಗಾಡಿ. ಇದಕ್ಕಿಂತ ಒಳ್ಳೇದು ಮೂರು ಜಿಲ್ಲಾ ತಿರುಗಿದರೂ ಇಲ್ಲ. ಕೈ ಟವಲ್ಲಿನಿಂದ ಹೊರಗೆ ಬಂತು. ಶಿವಕೃಷ್ಣ ಉಸಿರು ಹಿಡಿದು ನಿಂತದ್ದು ನೋಡದೇನೇ ತಿಳಿಯಿತು. ಕವುಚಿ ಹಾಕಿದ ಬುತ್ತಿ ಡಬ್ಬಿ ಕಣ್ಣ ಮುಂದೆ ಬಂತು. ಕೈ ಹೋಗಿ ಮೀಸೆ ಒರೆಸಿಕೊಂಡಿತು.

"ಬ್ಯಾಡ" ಅಂದ. "ಇದರಾಗ ಏನೂ ಇಲ್ಲ."

"ಏನ್ರಿ ಯಜಮಾನ್ರ, ಹೆಣ್ಣು ನೋಡಾಕ ಬಂದಂಗ ಅರ್ಧ ತಾಸು ನೋಡಿ ಏನೂ ಇಲ್ಲಂತೀರಲ್ರಿ!" ಅಂತ ಬಜಾರಪ್ಪ ನಕ್ಕ. "ಮೂಗು ಮೊಂಡ ಆತೇನು?"

ಶಿವಕೃಷ್ಣ ನಗಲಿಲ್ಲ. "ಸರಿ ಮಾವಾ, ಇನ್ನೊಂದು ಐತಿ" ಅಂದು ಕಾರಿನ ಬಾಗಿಲು ತೆರೆದು ಹಿಡಿದ. ಅವನ ಶರ್ಟಿನ ಬೆನ್ನು ಬೆವರಿಗೆ ಅಂಟಿತ್ತು. ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಬೇಜಾರಾಗಿ ಒಂದು ಮಾತು ಆಡಿದ್ದರೆ ಚೆನ್ನಾಗಿತ್ತು ಅನ್ನಿಸಿತು ಯರ್ರೆಪ್ಪನಿಗೆ. ಸಿಟ್ಟಾಗೋನಿಗೆ ಇಲ್ಲ ಅನ್ನೋದು ಸುಲಭ. ಆದೋನಿಯದನ್ನೂ ನೋಡಿ ಟವಲ್ಲು ಝಾಡಿಸಿದರೆ ಮುಗಿಯಿತು, ಊರಿಗೆ ಹೋಗಿ ಊಟ ಮಾಡಬಹುದು. ಉಚ್ಚಮ್ಮ ತಟ್ಟೆ ಇಡುತ್ತಾಳೆ, ಶಿರೀಷಾ ನೀರು ಇಡುತ್ತಾಳೆ, ಎಂದಿನಂಗೆ. ಎಂದಿನಂಗೆ ಅನ್ನೋ ಮಾತಿನಲ್ಲೇ ಚಿಗವ್ವ ಹುಸೇನಮ್ಮ ಒಲೆ ಮುಂದೆ ಬೆನ್ನು ಹಾಕಿ ಕೂತದ್ದು ಕಂಡಿತು. ಅಪ್ಪ ಆಕೆಯ ಮುಖ ನೋಡಿ ಮಾತಾಡಿದ್ದು ಆಮೇಲೆ ಯಾವತ್ತೂ ಇಲ್ಲ. ತನಗೂ ಆಗೋದು ಅದೇ. ಇಲ್ಲ ಅಂದರೆ ಆಕೆಯ ಮುಖ ಹೋಗುತ್ತದೆ, ಹೂಂ ಅಂದರೆ ಮಗ ಹೋಗುತ್ತಾನೆ.

ಆದೋನಿಯಲ್ಲಿ ಹತ್ತಿ ಮಿಲ್ಲುಗಳ ಹಿಂದಿನ ಬಯಲಿನಲ್ಲಿ ಹಳೇ ಗಾಡಿ ಮಾರೋ ಉಚ್ಚೀರಪ್ಪನ ಜಾಗ. ಕೆಂಪು ಜೀಪನ್ನು ತೊಳೆದು ಬಿಸಿಲಿಗೆ ನಿಲ್ಲಿಸಿದ್ದ. ಎದೆಯುದ್ದ ಟೈರು, ಮುಂದೆ ಕಬ್ಬಿಣದ ದಪ್ಪ ಬಂಪರು, ನೆತ್ತಿಯ ಮೇಲೆ ಸಾಲು ದೀಪ.

"ರಂಡಿ ರಂಡಿ, ಪೆದ್ದಾಯನಾ!" ಅಂತ ಉಚ್ಚೀರಪ್ಪ ತೆಲುಗಿನಲ್ಲಿ ಹಿರಿಯನನ್ನು ಬರಮಾಡಿಕೊಂಡ. "ಇದು ಗಾಡಿ ಅಲ್ರಿ, ಹುಲಿ! ಕಟ್ಟೋದು ಗಿಟ್ಟೋದು ಏನೂ ಬ್ಯಾಡ, ಎಲ್ಲಾ ರೆಡಿ. ಚಾವಿ ತಿರುವು, ಗುಡ್ಡ ಹತ್ತು, ಬಸ್!"

"ಹುಲಿ ಹೊಟ್ಟಿ ನೋಡೋಣ ತಡಿ" ಅಂದು ಯರ್ರೆಪ್ಪ ಕೆಳಗೆ ಮಲಗಿದ.

ಕೆಳಗೆಲ್ಲಾ ಹೊಸ ಡಾಂಬರು ಬಳಿದಿದ್ದರು. ಡಾಂಬರಿನ ವಾಸನೆಯೇ ಹೇಳುತ್ತಿತ್ತು ಏನೋ ಮುಚ್ಚಿದ್ದಾರೆ ಅಂತ. ಬೆರಳು ಚಾಸಿಯ ಮೇಲೆ ಸರಿಯುತ್ತಾ ಹೋಗಿ ಗೇರ್ ಬಾಕ್ಸಿನ ಹಿಂದೆ ನಿಂತಿತು. ಚರ್ಮದ ಕೆಳಗಿನ ಮುರಿದ ಎಲುಬಿನಂಗೆ ಒಂದು ಉಬ್ಬು. ಮುರಿದದ್ದನ್ನು ಪಟ್ಟಿ ಇಟ್ಟು ಬೆಸೆದಿದ್ದರು, ಬೆಸುಗೆಯ ಪಕ್ಕದಲ್ಲೇ ಮತ್ತೆ ಸಣ್ಣಗೆ ಬಿರುಕು ಬಿಟ್ಟಿತ್ತು. ರೋಡಿನ ಮೇಲೆ ತಿರುಗುತ್ತಿದ್ದರೆ ಇನ್ನೊಂದಿಷ್ಟು ದಿನ ಇರುತ್ತದೆ. ಕಲ್ಲಿನ ಮೇಲೆ, ಒಂದು ಗಾಲಿ ಗಾಳಿಗೆ ಎದ್ದಾಗ, ತಿರುಚಿಕೊಂಡು ಎರಡು ತುಂಡಾಗುತ್ತದೆ. ಬೆನ್ನ ಕೆಳಗೆ ಕಲ್ಲು ಒತ್ತುತ್ತಿತ್ತು. ಆಚೆ ಶಿವಕೃಷ್ಣನ ಬೂಟು ಕಂಡವು, ನೆಟ್ಟಗೆ ಜೋಡಿಸಿ ನಿಂತ ಬೂಟು, ಸಾಲಿಯಲ್ಲಿ ಮಾಸ್ತರರ ಮುಂದೆ ನಿಂತಂಗೆ. ಆಗ ಆ ಯೋಚನೆ ಬಂತು. ಬಂತು ಅಂದರೆ ಸುಳ್ಳು. ಮೊದಲಿನಿಂದಲೂ ಅಲ್ಲೇ ಡಾಂಬರಿನ ಕೆಳಗೆ ಇದ್ದಂಗೆ ಸಿಕ್ಕಿತು. ಇಲ್ಲ ಅನ್ನೋದು ಯಾಕೆ? ಹಿರಿಯನ ಕೈಯನ್ನು ಬೇಡ ಅನ್ನೋ ಹಂಗಿಲ್ಲ. ತಗೊಂಡು ಹೋಗಲಿ. ಸುಂಕೇಶನ ನಗು ತಗೊಂಡ, ಸುಂಕೇಶನ ಜೀಪು ತಗೊಳ್ಳುತ್ತಾನೆ, ಹೆಂಡತಿಯನ್ನು ತಗೊಳ್ಳುತ್ತಾನೆ. ಇದನ್ನೂ ತಗೊಳ್ಳಲಿ.

ಏಳೋವಾಗ ಮಂಡಿ ಹಿಡಿದು ಬಿಟ್ಟಿತು. ಉಚ್ಚೀರಪ್ಪ ಕಂಕುಳಿಗೆ ಕೈ ಹಾಕಿ ಎಬ್ಬಿಸಿದ, "ಹಳೇ ಗಾಡಿ ನೋಡಾಕ ಹಳೇ ಗಾಡೀನ ಕರ್ಕೊಂಡು ಬಂದಾನ" ಅಂತ ಅಲ್ಲಿದ್ದವರ ಕಡೆ ತಿರುಗಿ ನಕ್ಕ. ಒಗೆದ ಧೋತರಕ್ಕೆ ಡಾಂಬರು ಹತ್ತಿತ್ತು. ಯರ್ರೆಪ್ಪ ಧೂಳು ಝಾಡಿಸಿಕೊಳ್ಳಲೂ ಇಲ್ಲ. ನೇರ ಹೋಗಿ ಕೆಂಪು ಬಾನೆಟ್ಟಿನ ಮೇಲೆ ಬಲಗೈ ಇಟ್ಟ.

"ಇದು" ಅಂದ.

ಶಿವಕೃಷ್ಣ ಕೈಯನ್ನು ನೋಡಿದ. ಆಮೇಲೆ ಮುಖ ನೋಡಿದ. ಬಹಳ ಹೊತ್ತು ನೋಡಿದ ಅನ್ನಿಸಿತು. "ಸರಿ ಮಾವಾ" ಅಂದು ಬಗ್ಗಿ ಕಾಲು ಮುಟ್ಟಿದ. ಎದ್ದಾಗ ಅವನ ಕಣ್ಣಲ್ಲಿ ನೀರಿತ್ತು. ಅತ್ತ ಹೋಗಿ ಫೋನು ಮಾಡಿದ. ಉಚ್ಚೀರಪ್ಪ ಚಾ ತರಿಸಿದ. ಚಾ ಇನ್ನೂ ಕೈಯಲ್ಲಿದ್ದಾಗಲೇ ಆಟೋದಿಂದ ಶಿರೀಷಾ ಇಳಿದಳು. ಅಂಗಡಿಯಲ್ಲಿ ಉಡೋ ಒಂದೇ ತರದ ನೀಲಿ ಸೀರೆ, ಹೆಗಲಿಗೆ ಪಿನ್ನು, ಓಡೋಡಿ ಬಂದಂಗೆ ಏದುಸಿರು. ಮಾವನ ಹತ್ತಿರ ಬಂದು ನಿಂತಳು, ಸೆರಗು ಸರಿಮಾಡಿಕೊಂಡಳು.

"ನೀವ ಆರಿಸಿದ್ರಾ ಮಾವಾ?" ಅಂದಳು ಕಡೆಗೆ.

"ಹೂಂ."

"ನೀವ ಕೈ ಇಟ್ರಾ?"

ಯರ್ರೆಪ್ಪ ಚಾದ ಕಡೆ ನೋಡಿದ. ಆಕೆ ಜೀಪಿನ ಹತ್ತಿರ ಹೋಗಿ, ಎತ್ತರದ ಮೆಟ್ಟಿಲಿಗೆ ಕಾಲಿಡೋದಕ್ಕೆ ಸೀರೆ ನೆರಿಗೆ ಹಿಡಿದು ಹತ್ತಿ, ಡ್ರೈವರಿನ ಪಕ್ಕದ ಸೀಟಿನಲ್ಲಿ ಕೂತಳು. ಮುಂದಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದಳು. ಗಾಜಿನ ಆಚೆ ಆಕೆಯ ಮುಖ ಕಂಡಿತು. ಅದು ತನ್ನ ಮನೆಯಲ್ಲಿ ತಾನು ನೋಡಿದ ಮುಖ ಅಲ್ಲ. ಮದ್ದಿಕೇರದಿಂದ ಮದುವೆಯಾಗಿ ಬಂದ ದಿನ, ಸುಂಕೇಶ ಏನೋ ಕಿವಿಯಲ್ಲಿ ಹೇಳಿದಾಗ ಬಾಸಿಂಗದ ಕೆಳಗೆ ಕಂಡದ್ದು. ಆಕೆ ಕೂತ ಸೀಟಿನ ನೇರ ಕೆಳಗೇ ಆ ಬಿರುಕು. ಎರಡು ತುಂಡಾದಾಗ ಮೊದಲು ಕೆಳಗೆ ಹೋಗೋದು ಅದೇ ಕಡೆ. ಶಿವಕೃಷ್ಣನ ಮೇಲಿನ ಸಿಟ್ಟಿನಲ್ಲಿ ಆಕೆ ಇದರಲ್ಲಿ ಕೂಡುತ್ತಾಳೆ ಅನ್ನೋದು ಯರ್ರೆಪ್ಪನ ತಲೆಗೇ ಹೊಳೆದಿರಲಿಲ್ಲ. ಇಲ್ಲ, ಹೊಳೆದಿತ್ತೋ? ಹೊಳೆದದ್ದನ್ನು ತಾನೇ ಪಕ್ಕಕ್ಕೆ ಸರಿಸಿದ್ದನೋ? ಚಾ ಗ್ಲಾಸು ಕೈಯಿಂದ ಜಾರಿ ಬಿತ್ತು.

"ಇಳಿ" ಅಂದ. ಧ್ವನಿ ಕೂಗಿದಂಗೆ ಬಂತು. "ಇಳಿಯವ್ವ ಅದರಾಗಿಂದ. ಇಳಿ ಮೊದಲ!"

ಶಿರೀಷಾ ಇಳಿದಳು. ಮುಖ ಮತ್ತೆ ಮನೆಯ ಮುಖ ಆಗಿತ್ತು, ಅಷ್ಟರಲ್ಲೇ. ಇಟ್ಟ ಕೈಯನ್ನು ಮಾವ ತೆಗೆದ ಅಂತ ತಿಳಿದಳು. "ಆತು ಮಾವಾ" ಅಂದಳು, ಮೆಲ್ಲಗೆ. "ನಿಮಗ ಬ್ಯಾಡಂದ್ರ ಬ್ಯಾಡ. ಅಂಗಡ್ಯಾಗ ಹೇಳಿ ಬಂದಿಲ್ಲ, ಹೋಗ್ತೀನಿ." ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ತಿರುಗಿಯೇಬಿಟ್ಟಳು. ಅಳಲಿಲ್ಲ, ಕೇಳಲಿಲ್ಲ. ಅಷ್ಟು ಸುಲಭವಾಗಿ ಬಿಟ್ಟುಕೊಟ್ಟದ್ದು ನೋಡಿ ಯರ್ರೆಪ್ಪ ಆಕೆಯ ಹಿಂದೆ ಎರಡು ಹೆಜ್ಜೆ ಹಾಕಿದ.

"ಚಾಸಿ ಮುರಿದೈತಿ!" ಅಂದ. ಆಟೋದವನು, ಚಾದವನು, ಎಲ್ಲರೂ ತಿರುಗಿದರು. "ಬೆಸದು ಡಾಂಬರು ಬಳದಾರ. ನಾ ನೋಡಿದ್ದೆ. ನೋಡೇ ಕೈ ಇಟ್ಟೆ."

"ಎವರು ಚೆಪ್ಪಿಂದಿ? ಯಾರ್ ಹೇಳಿದ್ದು?" ಅಂತ ಉಚ್ಚೀರಪ್ಪ ಎಗರಿ ಬಂದ. "ಏಯ್ ಮುದುಕಾ, ಕಣ್ಣು ಕಾಣಸ್ತೈತೇನು ನಿನಗ? ನನ್ನ ಗಾಡಿ ಹೆಸರು ಕೆಡಸ್ತೀಯಾ?"

"ಕೂಗಬ್ಯಾಡಣ್ಣ" ಅಂದ ಶಿವಕೃಷ್ಣ. "ಮೊನ್ನೆ ಬಂದಾಗ ನಾನೂ ಟಾರ್ಚು ಹಾಕಿ ನೋಡೀನಿ ಅದನ್ನ."

ಉಚ್ಚೀರಪ್ಪ ಬಾಯಿ ಮುಚ್ಚಿದ. ಯರ್ರೆಪ್ಪನಿಗೆ ಮಾತ್ರ ಅದು ಒಳಗಿಳಿಯೋದಕ್ಕೆ ಹೊತ್ತು ಹಿಡಿಯಿತು. "ಗೊತ್ತಿತ್ತಾ?" ಅಂದ.

"ಗೊತ್ತಿತ್ತು ಮಾವಾ. ಒಂದ ಗಾಡಿ ತೋರಿಸಿದ್ರ ಆರಿಸಿದಂಗ ಆಗ್ತೈತೇನು? ಅದಕ್ಕ ಇದನ್ನೂ ತೋರಿಸಿದೆ. ನೀವು ಬಜಾರಪ್ಪನದ ಹಿಡೀತೀರಿ ಅಂತಿದ್ದೆ."

"ಮತ್ತ ಇದಕ್ಕ ಯಾಕ ಸರಿ ಅಂದಿ?"

ಶಿವಕೃಷ್ಣ ಬೂಟಿನ ತುದಿಯಿಂದ ಒಡೆದ ಗ್ಲಾಸಿನ ಚೂರುಗಳನ್ನು ಒಂದು ಕಡೆ ಕೂಡಿಸುತ್ತಾ ನಿಂತ. "ನೀವು ಹೂಂ ಅಂದ್ರಿ. ಅದರ ಮ್ಯಾಲ ನಾ ಏನ್ ಕೇಳ್ಲಿ? ಚಾಸಿ ಬ್ಯಾರೆ ಹಾಕಿಸ್ತಿದ್ದೆ." ಚೂರುಗಳ ಕಡೆಗೇ ನೋಡುತ್ತಾ ಅಂದ: "ಸುಂಕೇಶ ಇದ್ದಿದ್ರ ನನಗೂ ಇದೆಲ್ಲ ಬೇಕಿದ್ದಿಲ್ಲ ಮಾವಾ."

ಯರ್ರೆಪ್ಪ ಅಲ್ಲೇ ಬಿದ್ದಿದ್ದ ಹಳೇ ಟೈರಿನ ಮೇಲೆ ಕೂತ. ಈ ಹುಡುಗ ಕಾಲು ಮುಟ್ಟಿದಾಗ ಎಲ್ಲಾ ಗೊತ್ತಿದ್ದೇ ಮುಟ್ಟಿದ್ದ. ಕಣ್ಣಲ್ಲಿದ್ದ ನೀರು ಅದರದು. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಶಿರೀಷಾ ಗೇಟಿನ ಹತ್ತಿರ ನಿಂತೇ ಇದ್ದಳು. ಎಲ್ಲಾ ಕೇಳಿಸಿಕೊಂಡಿದ್ದಳು. ಮಾವ ಏನು ಮಾಡಿದ, ತಾನು ಎಲ್ಲಿ ಕೂತಿದ್ದೆ, ಎಲ್ಲಾ ತಿಳಿದಿತ್ತು ಆಕೆಗೆ. ಈಗ ನೆಟ್ಟಗೆ ಯರ್ರೆಪ್ಪನ ಕಡೆ ಬರುತ್ತಿದ್ದಾಳೆ. ಏನಂತಾಳೋ ಅನ್ನಲಿ ಅಂತ ತಲೆ ತಗ್ಗಿಸಿದ. ಆಕೆ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಬಗ್ಗಿ, "ಕೈಯೆಲ್ಲಾ ಡಾಂಬರು ಆಗೇತಿ, ಕೊಡ್ರಿ ಇಲ್ಲಿ" ಅಂದಳು. ಆಕೆ ನೀರು ಹಾಕಿದಳು, ಅವನು ತಿಕ್ಕಿದ. ಡಾಂಬರು ನೀರಿಗೆ ಹೋಗೋ ವಸ್ತು ಅಲ್ಲ. ಆದರೂ ಬಾಟಲಿ ಖಾಲಿಯಾಗೋ ತನಕ ಇಬ್ಬರೂ ಬಿಡಲಿಲ್ಲ.

"ಅಂಗಡಿಗೆ ಫೋನ್ ಮಾಡು" ಅಂದ ಯರ್ರೆಪ್ಪ. "ಇವತ್ತು ಬರೋದಿಲ್ಲಂತ ಹೇಳು. ನಡಿ."

ಕಾರಿನಲ್ಲಿ ಆಕೆ ಹಿಂದೆ ಕೂತಳು, ಅವನು ಮುಂದೆ. ಬಿಸಿಲು ಇಳಿಮುಖವಾಗಿತ್ತು. ದೂರದ ಗುಡ್ಡದ ಸಾಲಿನಲ್ಲಿ ಫ್ಯಾನುಗಳು ಮೆಲ್ಲಗೆ ತಿರುಗುತ್ತಿದ್ದವು. ಅವುಗಳಲ್ಲಿ ಯಾವುದನ್ನು ಸುಂಕೇಶ ಹತ್ತಿದ್ದ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಇನ್ನು ಕೇಳೋದು ಬಾಳ ಇದೆ, ಕೇಳೋದಕ್ಕೆ ಇವನೊಬ್ಬನೇ ಉಳಿದಿರೋದು, ಇವನು ಇನ್ನು ಮೇಲೆ ಮನೆಗೆ ಬರೋದು ಅಳಿಯನಂಗೋ, ಯಾರಂಗೋ.

ಬಜಾರಪ್ಪ ಕುರಿ ಹೊಡೆದುಕೊಂಡು ಆಗಲೇ ದೊಡ್ಡಿಗೆ ಬಂದಿದ್ದ. "ಹೋಯ್! ಮತ್ತ ಬಂದ್ರಿ?" ಅಂದ. "ಮುಂಜಾನಿ ಏನೂ ಇಲ್ಲಂದ್ರಿ, ಈಗೇನು ಇಷ್ಟೊತ್ತಿನಾಗ ಹುಟ್ಟಿತೇನ್ರಿ ಅದರಾಗ?"

ಯರ್ರೆಪ್ಪ ಜೀಪಿನ ಹತ್ತಿರ ಹೋದ. ಕೈ ಚಾಚೋದಕ್ಕೆ ಮೊದಲು ನಿಂತ. ಮನಸ್ಸಿನಲ್ಲೇ ಮಗನಿಗೆ ಏನಾದರೂ ಹೇಳಬೇಕು ಅನ್ನಿಸಿ, ಏನು ಹೇಳೋದು ಅಂತ ಹುಡುಕಿದ. ಕೈ ಇಟ್ಟ. ದಿನವೆಲ್ಲಾ ಕಾದ ತಗಡು ಅಂಗೈ ಸುಟ್ಟಿತು, ತೆಗೆಯಲಿಲ್ಲ. ಶಿರೀಷಾ ಸೆರಗು ತಲೆ ಮೇಲೆ ಎಳೆದುಕೊಂಡು ಹಳ್ಳದ ಕಡೆ ಮುಖ ತಿರುಗಿಸಿದಳು. ಶಿವಕೃಷ್ಣ ಈ ಸಲ ಕಾಲು ಮುಟ್ಟೋದಕ್ಕೆ ಬರಲಿಲ್ಲ, ಇದ್ದಲ್ಲೇ ನಿಂತು ಕಣ್ಣು ಒರೆಸಿಕೊಂಡ.

"ಹಳ್ಳ ಇಳಿಸಿ ಹತ್ತಿಸಿ ನೋಡು" ಅಂದ ಯರ್ರೆಪ್ಪ, ಕೈ ತೆಗೆಯುತ್ತಾ. "ಸಣ್ಣ ಗೇರಿನಾಗ ಬಿಡು, ಬ್ರೇಕ್ ತುಳೀಬ್ಯಾಡ, ತಾನ ಇಳೀತೈತಿ. ಆಕಿನ್ನ ಕೂಡಿಸ್ಕೊ."

"ನೀವು ಬರ್ರಿ ಮಾವಾ" ಅಂದಳು ಶಿರೀಷಾ.

"ಹಿಂದ ಕುರಿ ಹಿಕ್ಕಿ ಐತಿ. ನೀವು ಹೋಗ್ರಿ."

ಜೀಪು ದಂಡೆ ಇಳಿಯಿತು. ಉಸುಕಿನಲ್ಲಿ ಒಂದು ಸಲ ವಾಲಾಡಿ, ಮುಂದಿನ ಗಾಲಿ ಕಚ್ಚಿಕೊಂಡು, ಆಚೆ ದಂಡೆಯ ಕಡೆ ಮುಖ ಮಾಡಿತು. ಯರ್ರೆಪ್ಪ ಕಲ್ಲಿನ ಮೇಲೆ ಕೂತ. ಪಕ್ಕದಲ್ಲಿ ಬಜಾರಪ್ಪ ಬೀಡಿ ಹಚ್ಚಿ ಕುಕ್ಕರಗಾಲಿನಲ್ಲಿ ಕೂತ.

"ಜೋಡಿ ಚಂದ ಐತಿ ಯಜಮಾನ್ರ" ಅಂದ. "ಆಕಿ ಮಗಳೇನ್ರಿ?"

ಸೊಸಿ ಅಂದರೆ, ಹಂಗಾರೆ ಹುಡುಗ ನಿಮ್ಮ ಮಗ ಏನ್ರಿ ಅಂತ ಕೇಳುತ್ತಾನೆ. ಏನೂ ಗೊತ್ತಿಲ್ಲದೆ, ಒಳ್ಳೇ ಮನಸ್ಸಿನಿಂದಲೇ ಕೇಳುತ್ತಾನೆ. ಅದಕ್ಕೆ ಹೌದು ಅನ್ನೋದಕ್ಕೂ ಬರೋದಿಲ್ಲ, ಅಲ್ಲ ಅನ್ನೋದಕ್ಕೂ ಬರೋದಿಲ್ಲ. ಹಳ್ಳದಲ್ಲಿ ಎಂಜಿನ್ನಿನ ಸದ್ದು ಭಾರವಾಯಿತು; ಗಾಡಿ ಏರು ಹಿಡಿದಿತ್ತು.

"ಹೂಂ" ಅಂದ ಯರ್ರೆಪ್ಪ. "ಮಗಳು. ಸಣ್ಣಾಕಿ."

"ಗಂಡುಮಕ್ಕಳು?"

ಜೀಪಿನ ಮೂತಿ ಆಚೆ ದಂಡೆಯ ಮೇಲೆ ಕಂಡಿತು. ಒಂದು ಗಾಲಿ ಗಾಳಿಗೆ ಎದ್ದು ಸ್ವಲ್ಪ ಹೊತ್ತು ಸುಮ್ಮನೆ ತಿರುಗಿ, ಮತ್ತೆ ಮಣ್ಣಿಗೆ ಕೂತು, ಗಾಡಿ ಮೇಲೆ ಹತ್ತಿತು.

"ಒಬ್ಬ ಇದ್ದ" ಅಂದ.